ಊರಿಂದ ಶೂ ತರಿಸಬೇಡಿ, ಮೊದಲು ಪಾದದ ಅಗಲ ನೋಡಿಸಿ

ತರಿಸಬೇಡಿ. ಜರ್ಮನಿಯಲ್ಲಿ ಯಾವ ರನ್ನಿಂಗ್ ಶೂ ಹಾಕಿದರೂ ಕಚ್ಚುತ್ತದೆ, ಚಿಂತಾಮಣಿಯಿಂದ ಬರುತ್ತಿರೋ ಅಣ್ಣನ ಕೈಲಿ ಎರಡು ಜೊತೆ ತರಿಸಲಾ ಅಂತ ಕೇಳಿದ್ದೀರಿ. ನಾನು ನಿಮ್ಮ ಪಕ್ಕದ ಕೋಲಾರದವಳು. ನೆದರ್ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಕೆಲಸಕ್ಕೆ ಬಂದ ಮೇಲೆ ಓಡೋಕೆ ಶುರು ಮಾಡಿದೆ. ಊರಲ್ಲಿದ್ದಷ್ಟು ದಿನ ಹವಾಯಿ ಚಪ್ಪಲಿ, ಮದುವೆ ಮನೆಗೆ ಸ್ಯಾಂಡಲ್. ಬೆರಳು ಹರಡಿಕೊಂಡು ಬೆಳೆದ ಪಾದ ನಂದು. ನಿಮ್ಮದೂ ಹಾಗೇ ಇರಬೇಕು.

ಇಲ್ಲಿನ ಅಂಗಡಿಯಲ್ಲಿ ಹೆಂಗಸರ 39 ಹಾಕಿ ನೋಡಿದೆ. ಉದ್ದ ಸರಿಯಾಗಿತ್ತು, ಕಿರುಬೆರಳ ಪಕ್ಕ ಹಿಂಡುತ್ತಿತ್ತು. 40 ಹಾಕಿದೆ, ಹಿಂಡೋದು ಸ್ವಲ್ಪ ಕಮ್ಮಿಯಾಯಿತು. 41 ಹಾಯಾಗಿತ್ತು. ತಗೊಂಡು ಬಂದೆ. ತಪ್ಪು ಅಂತ ಅನ್ನಿಸಲೇ ಇಲ್ಲ. ನಮ್ಮ ಮನೆಯಲ್ಲಿ ಸ್ಕೂಲ್ ಶೂ ತರುತ್ತಿದ್ದದ್ದೇ ಹಾಗೆ. "ಮುಂದಿನ ವರ್ಷಕ್ಕೂ ಆಗಲಿ" ಅಂತ ಅಮ್ಮ ಒಂದು ಸೈಜ್ ದೊಡ್ಡದೇ ಕೊಡಿಸಿ ಮುಂದೆ ಹತ್ತಿ ತುರುಕುತ್ತಿದ್ದರು. ದೊಡ್ಡ ಶೂ ಅಂದರೆ ಸುಖ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ಇದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಮಾಡಲು ಹೊರಟಿರೋದೂ ಇದನ್ನೇ. ಯುರೋಪಿನ ನಂಬರಿನಲ್ಲಿ ಒಂದು ಸೈಜ್ ಮೇಲಕ್ಕೆ ಹೋದರೆ ಉದ್ದ ಸುಮಾರು 6.7 ಮಿಲಿಮೀಟರ್ ಜಾಸ್ತಿಯಾಗುತ್ತದೆ. ಅಟ್ಟೆಯ ಅಗಲ ಜಾಸ್ತಿಯಾಗೋದು ಹೆಚ್ಚುಕಮ್ಮಿ ಅದರ ಕಾಲು ಭಾಗ ಮಾತ್ರ. ಅಂದರೆ ನಾನು ಮೂರು ಮಿಲಿಮೀಟರ್ ಅಗಲಕ್ಕೋಸ್ಕರ ಹದಿಮೂರು ಮಿಲಿಮೀಟರ್ ಉದ್ದ ಹೊತ್ತುಕೊಂಡು ಓಡುತ್ತಿದ್ದೆ. ಅಷ್ಟೇ ಆದರೆ ಪರವಾಗಿಲ್ಲ. ಶೂ ಒಂದು ನಿರ್ದಿಷ್ಟ ಜಾಗದಲ್ಲಿ ಮಡಚುತ್ತದೆ. ನಮ್ಮ ಹೆಬ್ಬೆರಳಿನ ಬುಡ ಅದೇ ಜಾಗದಲ್ಲಿ ಇರಬೇಕು. ಉದ್ದದ ಶೂನಲ್ಲಿ ಮಡಚೋ ಜಾಗ ಮುಂದಕ್ಕೆ ಹೋಗುತ್ತದೆ, ಕಾಲು ಒಂದು ಕಡೆ ಬಗ್ಗುತ್ತದೆ, ಶೂ ಇನ್ನೊಂದು ಕಡೆ. ಹಿಮ್ಮಡಿ ಹಿಂದೆ ಎದ್ದೆದ್ದು ಬರುತ್ತದೆ. ಅದನ್ನ ತಡೆಯೋಕೆ ಲೇಸ್ ಬಿಗಿ ಮಾಡುತ್ತೀರಿ, ಆಗ ಪಾದದ ಮೇಲ್ಭಾಗ ನೋಯುತ್ತದೆ. ನನಗೆ ಇಷ್ಟೂ ಆಯಿತು. ಶೂ ಹೊಸದು, ಪಳಗಿದರೆ ಸರಿಹೋಗುತ್ತೆ ಅಂತ ಸುಮ್ನೆ ಓಡುತ್ತಲೇ ಇದ್ದೆ.

ರಜೆಗೆ ಕೋಲಾರಕ್ಕೆ ಹೋದಾಗ ಅದನ್ನೇ ಹಾಕಿಕೊಂಡು ಬೆಳಿಗ್ಗೆ ಅಂತರಗಂಗೆ ಬೆಟ್ಟ ಹತ್ತಿದೆ. ಹತ್ತುವಾಗ ಏನೂ ಆಗಲಿಲ್ಲ. ಕಾಶಿ ವಿಶ್ವೇಶ್ವರನಿಗೆ ಕೈ ಮುಗಿದು, ಬಸವನ ಬಾಯಿಂದ ಬರೋ ನೀರು ಕುಡಿದು, ಮೆಟ್ಟಿಲನ್ನ ಓಡಿಕೊಂಡೇ ಇಳಿದೆ. ಅಲ್ಲಿನ ಕೋತಿಗಳನ್ನ ನೋಡಿದವರಿಗೆ ಯಾಕೆ ಓಡಿದೆ ಅಂತ ಹೇಳಬೇಕಾಗಿಲ್ಲ. ಕೆಳಗೆ ಬರೋ ಹೊತ್ತಿಗೆ ಎರಡೂ ಹೆಬ್ಬೆರಳ ಉಗುರಿನಡಿ ರಕ್ತ ಕಟ್ಟಿತ್ತು. ಮುಂದೆ ಅಷ್ಟು ಜಾಗ ಇತ್ತಲ್ಲ, ಬೆರಳು ಹೇಗೆ ಬಡಿಯಿತು ಅಂತ ಎಲ್ಲರೂ ಕೇಳುತ್ತಾರೆ. ಜಾಗ ಇದ್ದದ್ದಕ್ಕೇ ಬಡಿಯಿತು! ನಡುವೆ ಹಿಡಿತ ಇಲ್ಲದೆ ಹೋದರೆ ಇಳಿಜಾರಿನಲ್ಲಿ ಪಾದ ಪ್ರತಿ ಹೆಜ್ಜೆಗೂ ಜಾರಿಕೊಂಡು ಹೋಗಿ ಮುಂದಿನ ಗೋಡೆಗೆ ಗುದ್ದುತ್ತದೆ. ಒಂದು ಉಗುರು ಬಿದ್ದೇ ಹೋಯಿತು. ಅಕ್ಟೋಬರ್‌ನಲ್ಲಿ ಐಂಡ್‌ಹೋವನ್‌ನ ಅರ್ಧ ಮ್ಯಾರಥಾನ್‌ಗೆ ಕಟ್ಟಿದ್ದ ದುಡ್ಡೂ ಹೋಯಿತು.

ವಾಪಸ್ ಬಂದು ಓಟಗಾರರಿಗೆ ಅಂತಲೇ ಇರೋ ಒಂದು ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗಿ ನನ್ನ ಶೂ ಒಳಗಿನ ಇನ್‌ಸೋಲ್ (ಪಾದದಡಿಯ ಹಾಸು) ಕಿತ್ತು ನೆಲದ ಮೇಲಿಟ್ಟು, ಅದರ ಮೇಲೆ ನಿಲ್ಲಿ ಅಂದಳು. ಮುಂದೆ ಎರಡು ಬೆರಳಗಲ ಖಾಲಿ, ಪಕ್ಕಕ್ಕೆ ಪಾದ ಚೆಲ್ಲಿಕೊಂಡಿತ್ತು. ಅಷ್ಟರಲ್ಲೇ ಎಲ್ಲ ಗೊತ್ತಾಯಿತು. ಅಮೆರಿಕದ ಲೆಕ್ಕದಲ್ಲಿ ಅಗಲವನ್ನ ಅಕ್ಷರದಲ್ಲಿ ಹೇಳುತ್ತಾರೆ: ಹೆಂಗಸರ ಶೂಗೆ ಮಾಮೂಲಿ ಅಗಲ ಬಿ, ಗಂಡಸರ ಶೂಗೆ ಡಿ. ಹೆಂಗಸರ ಶೂನಲ್ಲಿ ಅಗಲದ್ದು ಅಂದರೂ ಡಿ ಅಂತಲೇ. ಅದಕ್ಕಿಂತ ಅಗಲ ಬೇಕಾದರೆ 2ಇ, 4ಇ ಅಂತ ಇರುತ್ತವೆ. ನ್ಯೂ ಬ್ಯಾಲೆನ್ಸ್, ಬ್ರೂಕ್ಸ್, ಆಸಿಕ್ಸ್ ಈ ಕಂಪನಿಗಳದ್ದೆಲ್ಲ ಬೇರೆ ಬೇರೆ ಅಗಲ ಸಿಗುತ್ತದೆ. ಅಂಗಡಿಯಲ್ಲಿ ಕಣ್ಣಿಗೆ ಬೀಳೋದು ಕಮ್ಮಿ, ಕೇಳಿದರೆ ತರಿಸಿಕೊಡುತ್ತಾರೆ. ನನಗೆ ಅವಳು ಕೊಟ್ಟದ್ದು ಗಂಡಸರ ಶೂ. ಹೆಂಗಸರ ಅಮೆರಿಕನ್ ನಂಬರಿನಿಂದ ಒಂದೂವರೆ ಕಳೆದರೆ ಗಂಡಸರ ನಂಬರ್ ಬರುತ್ತದೆ. ಈಗಲೂ ಅದೇ ಹಾಕುತ್ತೇನೆ. ಬಣ್ಣ ಬರೀ ಕಪ್ಪು, ನೀಲಿ, ಬೂದು. ಆಗಲಿ ಬಿಡಿ.

ಇನ್ನು ಊರಿಂದ ತರಿಸೋ ಮಾತು. ಅಣ್ಣ ಚಿಂತಾಮಣಿಯಲ್ಲಿ ಕೊಂಡರೂ ಬೆಂಗಳೂರಿನ ಮಾಲ್‌ನಲ್ಲಿ ಕೊಂಡರೂ ಅದೇ ಕಂಪನಿಯ ಅದೇ ಮಾಡೆಲ್ ಕೋಲಾರದವರ ಪಾದಕ್ಕೆ ಅಂತ ಅಗಲವಾಗೋದಿಲ್ಲ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ (ಸಿಎಲ್‌ಆರ್‌ಐ) ಸುಮಾರು ಒಂದು ಲಕ್ಷ ಜನರ ಪಾದ ಅಳೆದು, ನಮ್ಮ ಪಾದ ಅಗಲ ಅಂತ ಕಂಡುಕೊಂಡು, 'ಭಾ' ಅನ್ನೋ ಹೊಸ ಅಳತೆ ತಯಾರಿಸಿದೆ. ಒಳ್ಳೇದೇ. ಆದರೆ ಅಣ್ಣನಿಗೆ ಅಂಗಡಿಯಲ್ಲಿ ಕೊಡೋದು ಯುಕೆ ನಂಬರೇ. ಅದರಲ್ಲೂ ಒಬ್ಬೊಬ್ಬರದು ಒಂದೊಂದು ಲೆಕ್ಕ. ಗಂಡಸರ 27 ಸೆಂಟಿಮೀಟರ್ ಶೂಗೆ ನೈಕಿ ಯುಕೆ 8 ಅನ್ನುತ್ತದೆ, ಅಡಿಡಾಸ್ ಯುಕೆ 8.5 ಅನ್ನುತ್ತದೆ. ಲೇಸ್ ಕೆಳಗಿರೋ ನಾಲಿಗೆಯ ಒಳಗಿನ ಲೇಬಲ್‌ನಲ್ಲಿ ಸೆಂಟಿಮೀಟರ್ ಇರುತ್ತದೆ, ಅದೊಂದನ್ನೇ ನಂಬಿ. ಮುಖ್ಯವಾಗಿ, ಕಚ್ಚಿದರೆ ವಾಪಸ್ ಕೊಡೋಕೆ ಚಿಂತಾಮಣಿಗೆ ಹೋಗುತ್ತೀರಾ? ಜರ್ಮನಿಯಲ್ಲೇ ಆನ್‌ಲೈನ್‌ನಲ್ಲಿ ತಗೊಂಡರೆ ಯುರೋಪಿಯನ್ ಯೂನಿಯನ್ ಕಾನೂನಿನ ಪ್ರಕಾರ ಕೈಗೆ ಬಂದ 14 ದಿನದೊಳಗೆ ಕಾರಣ ಹೇಳದೆ ಬೇಡ ಅನ್ನಬಹುದು. ಮನೆಯೊಳಗೆ ಹಾಕಿ ನೋಡಿ, ರಸ್ತೆಗೆ ಇಳಿಸಬೇಡಿ. ಕೆಲವೊಮ್ಮೆ ವಾಪಸ್ ಕಳಿಸೋ ಖರ್ಚು ನಮ್ಮದೇ ಆಗುತ್ತದೆ, ಮೊದಲೇ ಓದಿಕೊಳ್ಳಿ.

ಮೊದಲ ಜೊತೆ ಮಾತ್ರ ಅಂಗಡಿಗೇ ಹೋಗಿ ತಗೊಳ್ಳಿ. ಸಂಜೆ ಹೋಗಿ, ದಿನವಿಡೀ ನಡೆದ ಕಾಲು ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕೋ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಎರಡೂ ಪಾದ ಅಳೆಸಿ, ದೊಡ್ಡದಕ್ಕೆ ಸರಿಹೋಗೋದು ತಗೊಳ್ಳಿ. ಉದ್ದನೆಯ ಬೆರಳ ಮುಂದೆ ಕೈಯ ಒಂದು ಹೆಬ್ಬೆರಳಗಲ ಜಾಗ ಸಾಕು. ಹಿಮ್ಮಡಿ ಏಳುತ್ತಿದ್ದರೆ ಸೈಜ್ ಬದಲಿಸೋ ಮುಂಚೆ ಮೇಲಿನ ಕೊನೇ ತೂತಿಗೂ ಲೇಸ್ ಹಾಕಿ ನೋಡಿ, ಅದು ಇರೋದೇ ಅದಕ್ಕೆ. ದುಡ್ಡು ಉಳಿಸಬೇಕಾದರೆ ಹೋದ ವರ್ಷದ ಮಾಡೆಲ್ ಕೇಳಿ. ಹೊಸದು ಬಂದ ಕೂಡಲೇ ಹಳೇದರ ರೇಟು ಇಳಿಸುತ್ತಾರೆ, ಅಗಲದ ಸೈಜುಗಳು ಕೊನೇವರೆಗೂ ಉಳಿದಿರೋದು ನಾನೇ ನೋಡಿದ್ದೇನೆ.