ಉಪಗ್ರಹ ಚಿತ್ರಗಳಲ್ಲಿ ಸಮುದ್ರದ ಮೇಲೆ ಉದ್ದಕ್ಕೆ ಬಿಳಿಚಿದ ಪಟ್ಟೆ ಕಾಣುತ್ತಲ್ಲ, ಅದೇನು?

ಅದು ಬಿಸಿಲಿನ ಹೊಳಪು. ಸೂರ್ಯನ ಬೆಳಕು ನೀರಿಗೆ ಬಡಿದು ಸೀದಾ ಉಪಗ್ರಹದ ಕ್ಯಾಮೆರಾಗೆ ಬಂದಿರುತ್ತದೆ.

ನೀರು ಕನ್ನಡಿಯಷ್ಟು ಸಪಾಟಾಗಿದ್ದರೆ ಸೂರ್ಯ ಒಂದು ಚುಕ್ಕೆಯಾಗಿ ಕಾಣುತ್ತಿದ್ದ. ಆದರೆ ಗಾಳಿಗೆ ಏಳುವ ಸಣ್ಣ ಅಲೆಗಳು ಒಂದೊಂದು ಕಡೆ ವಾಲಿರುತ್ತವೆ, ಹಾಗಾಗಿ ಹೊಳಪು ನೂರಾರು ಕಿಲೋಮೀಟರ್ ಹರಡಿಕೊಳ್ಳುತ್ತದೆ. ಟೆರಾ, ಅಕ್ವಾದಂಥ ಉಪಗ್ರಹಗಳು ಸಾಗುತ್ತಲೇ ಚಿತ್ರ ತೆಗೆಯುವುದರಿಂದ ಅದು ಪಟ್ಟೆಯಾಗುತ್ತದೆ.

ಇದರಲ್ಲಿ ಓದಬೇಕಾದ್ದು ನೀರು ಎಲ್ಲಿ ನುಣುಪು, ಎಲ್ಲಿ ಒರಟು ಅನ್ನುವುದನ್ನು. ಪಟ್ಟೆಯ ನಡುವೆ ನುಣುಪು ನೀರು ಜಾಸ್ತಿ ಹೊಳೆಯುತ್ತದೆ. ಅಂಚಿನಲ್ಲಿ ಅದೇ ನೀರು ಕಪ್ಪು! ಯಾಕಂದರೆ ಅಲ್ಲಿ ಬೆಳಕನ್ನು ಕ್ಯಾಮೆರಾ ಕಡೆ ತಿರುಗಿಸಲು ವಾಲಿದ ಅಲೆಗಳೇ ಬೇಕು. 2010ರಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನುವ ಕೊರೆಯುವ ವೇದಿಕೆ ಸ್ಫೋಟಗೊಂಡಾಗ ಅದರ ಕೆಳಗಿನ ಎಣ್ಣೆ ಬಾವಿಯಿಂದ ಮೆಕ್ಸಿಕೊ ಕೊಲ್ಲಿಗೆ ಹರಿದ ಎಣ್ಣೆ ಸಣ್ಣ ಅಲೆಗಳನ್ನು ಅಡಗಿಸಿತ್ತು. ಅದು ಕಣ್ಣಿಗೆ ಬಿದ್ದದ್ದು ಹೆಚ್ಚಾಗಿ ಈ ಹೊಳಪಿನಿಂದಲೇ. ಹಾಗಂತ ಹೊಳೆದದ್ದೆಲ್ಲ ಎಣ್ಣೆ ಅಂದುಕೊಳ್ಳಬೇಡಿ. ಗುಡ್ಡಗಳಿರುವ ದ್ವೀಪ ಗಾಳಿಗೆ ಅಡ್ಡ ನಿಂತರೆ ಅದರ ಮರೆಯ ನೀರೂ ಹೀಗೇ ಹೊಳೆಯುತ್ತದೆ.