ಬಸ್ ನಿಂತು ದಾರಿ ಕೊಟ್ಟರೂ ಪಕ್ಕದ ಬೈಕ್ ಯಾಕೆ ನಿಲ್ಲಲ್ಲ?

ಬೈಕಿನವನಿಗೆ ನೀವು ಕಾಣುವುದೇ ಇಲ್ಲ, ಅದಕ್ಕೆ.

ಬೆಳಗಾವಿಯ ಚನ್ನಮ್ಮ ವೃತ್ತದ ಹತ್ತಿರ ಬಸ್ ಡ್ರೈವರ್ ನಿಲ್ಲಿಸಿ, 'ದಾಟ್ರಿ' ಅಂತ ಕೈ ಮಾಡುತ್ತಾರೆ ಅನ್ನಿ. ನಾವು ಹೊರಟೇಬಿಡುತ್ತೇವೆ, ಅಲ್ವಾ? ಆದರೆ ನಿಂತ ಬಸ್ಸು ಈಗ ನಿಮಗೂ ಪಕ್ಕದ ಸಾಲಿಗೂ ನಡುವೆ ಒಂದು ಗೋಡೆ. ಹಿಂದಿನಿಂದ ಬರುವವನು 'ಪ್ಯಾಸೆಂಜರ್ ಇಳಿಸ್ತಿರಬೇಕು' ಅಂದುಕೊಂಡು ಬಲಗಡೆಯಿಂದ ನುಗ್ಗುತ್ತಾನೆ.

ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಬೈಕ್ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. ನಿಮ್ಮನ್ನು ನೋಡಿ ಬ್ರೇಕ್ ಒತ್ತುವಷ್ಟರಲ್ಲೇ ಆ ಸೆಕೆಂಡ್ ಮುಗಿದಿರುತ್ತದೆ. ಆಮೇಲೆ ನಿಲ್ಲಲು ಒಣ ರಸ್ತೆಯಲ್ಲೂ ಇನ್ನೊಂದು 8-10 ಮೀಟರ್ ಬೇಕು. ಮಳೆ ಬಂದರಂತೂ ಇನ್ನೂ ಜಾಸ್ತಿ. ಬಸ್ಸಿನ ಮುಂದಿನಿಂದ ನೀವು ಹೊರಗೆ ಬಂದಾಗ ಅವನು ಐದಾರು ಮೀಟರ್ ದೂರದಲ್ಲಿದ್ದರೆ ಎಂಥ ಬ್ರೇಕೂ ಸಾಲದು.

ಹಾಗಾಗಿ ಬಸ್ಸಿನ ಡ್ರೈವರ್ ಕಡೆಯ ಮೂಲೆಗೆ ಬಂದಾಗ ನಿಲ್ಲಿ. ಇಣುಕಿ ನೋಡಿ, ಪಕ್ಕದ ಸಾಲು ಖಾಲಿ ಇದ್ದರೆ ಮಾತ್ರ ಮುಂದೆ ಹೋಗಿ. ಡ್ರೈವರ್ ಕೈ ಮಾಡಿದ್ದು ಅವರ ಬಸ್ಸಿಗೆ ಮಾತ್ರ ಗ್ಯಾರಂಟಿ.

ಸಿಗ್ನಲ್ ಇಲ್ಲದ ಝೀಬ್ರಾ ಪಟ್ಟಿಯಲ್ಲಿ ಗಾಡಿಯವರೇ ನಿಂತು ದಾರಿ ಬಿಡಬೇಕು ಅಂತ 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುತ್ತವೆ. ತಪ್ಪು ಬೈಕಿನವನದೇ, ಆದರೆ ಪೆಟ್ಟು ಬೀಳೋದು ನಿಮಗೆ. ಬಸ್ಸಿನವರೂ ಪಟ್ಟಿಗೆ ಅಂಟಿಕೊಂಡು ನಿಲ್ಲದೆ ಕೆಲವು ಮೀಟರ್ ಹಿಂದೆಯೇ ನಿಲ್ಲಿಸಿದರೆ ನೀವೂ ಬೈಕಿನವನೂ ಒಬ್ಬರಿಗೊಬ್ಬರು ಮೊದಲೇ ಕಾಣುತ್ತೀರಿ.