ಗ್ರಂಥಾಲಯಕ್ಕೆ ಕೆರೆಯಾಚೆಯ ಜಾಗವೋ, ಬಸ್ ಸ್ಟ್ಯಾಂಡ್ ಹಿಂದಿನ ರೂಮೋ?

ಪ್ರಶ್ನೆ: ನಮ್ಮ ಪಂಚಾಯಿತಿ ಗ್ರಂಥಾಲಯದ ಕಟ್ಟಡ ಸೋರುತ್ತಿದೆ. ಬೇರೆ ಜಾಗ ಹುಡುಕುತ್ತಿದ್ದೇವೆ. ಊರಿನ ಹಿರಿಯರೊಬ್ಬರು ಕೆರೆ ಏರಿ ದಾಟಿ, ಒಂದೂವರೆ ಕಿಲೋಮೀಟರ್ ಆಚೆ ಹತ್ತು ಗುಂಟೆ ದಾನ ಕೊಡುತ್ತೇನೆ ಎನ್ನುತ್ತಿದ್ದಾರೆ. ಬಸ್ ಸ್ಟ್ಯಾಂಡ್ ಹಿಂದೆ ಪಂಚಾಯಿತಿಯದೇ ಎರಡು ರೂಮು ಖಾಲಿ ಇವೆ, ಆದರೆ ಅಲ್ಲಿ ಧೂಳು, ಗಲಾಟೆ. ಓದುವುದಕ್ಕೆ ಶಾಂತ ಜಾಗವೇ ಬೇಕು ಎಂದು ಜಾಸ್ತಿ ಸದಸ್ಯರು ಕೆರೆ ಕಡೆಗೇ ಒಲಿದಿದ್ದಾರೆ. ಏನು ಮಾಡಲಿ?
– ಗ್ರಾಮ ಪಂಚಾಯಿತಿ ಸದಸ್ಯೆ, ಅರಸೀಕೆರೆ ತಾಲ್ಲೂಕು

ಉತ್ತರ: ಬಸ್ ಸ್ಟ್ಯಾಂಡ್ ಹಿಂದಿನ ರೂಮನ್ನೇ ಹಿಡಿಯಿರಿ ಮೇಡಂ. ನನಗೆ ಇದರಲ್ಲಿ ಎರಡು ಮಾತಿಲ್ಲ.

ಶಾಲೆ ಬಿಟ್ಟ ಮೇಲೆ ಸುತ್ತಲಿನ ಹಳ್ಳಿಗಳ ಮಕ್ಕಳು ಬಸ್ಸಿಗೆ ಎಷ್ಟು ಹೊತ್ತು ಕಾಯುತ್ತಾರೆ, ನೋಡಿದ್ದೀರಲ್ವಾ? ಅರ್ಧ ಗಂಟೆ, ಕೆಲವು ದಿನ ಒಂದು ಗಂಟೆ, ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡು ಸುಮ್ನೆ ಕೂತಿರುತ್ತಾರೆ. ಆ ಒಂದು ಗಂಟೆ ನಿಮ್ಮ ಗ್ರಂಥಾಲಯದ್ದು. ಬಸ್ಸಿನ ಹಾರ್ನ್ ಕೇಳಿಸುವಷ್ಟು ಹತ್ತಿರ ಇದ್ದರೆ ಮಾತ್ರ ಅವರು ಧೈರ್ಯವಾಗಿ ಒಳಗೆ ಬಂದು ಕೂರುತ್ತಾರೆ. ಸಂತೆಗೆ ಬಂದವರು, ಪಹಣಿಗೆ, ರೇಷನ್ನಿಗೆ ಬಂದವರೂ ಹಾಗೆಯೇ. ಗ್ರಂಥಾಲಯಕ್ಕೆಂದೇ ಮನೆಯಿಂದ ಹೊರಡುವವರು ಕಡಿಮೆ, ದಾರಿಯಲ್ಲಿ ಸಿಕ್ಕರೆ ಬರುವವರೇ ಜಾಸ್ತಿ.

ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರು. ಮೊದಲನೆಯದೇ 'ಪುಸ್ತಕ ಇರುವುದು ಬಳಕೆಗೆ'. ಗ್ರಂಥಾಲಯ ಎಲ್ಲಿರಬೇಕು ಎಂಬುದನ್ನು ಅವರು ಚರ್ಚಿಸುವುದು ಆ ಸೂತ್ರದ ಕೆಳಗೇ. ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ಹೋಗಿ ಬರಲು ಮೂರು ಕಿಲೋಮೀಟರ್ ನಡೆಸಿದರೆ ಸಮಯ ಎಲ್ಲಿ ಉಳಿಯಿತು?

ನಿಮ್ಮ ಸದಸ್ಯರು ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ತೋರಿಸಬಹುದು. ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ ಮರಗಳ ನಡುವೆ ಶಾಂತವಾಗಿದೆ, ನಿಜ. ಆದರೆ ಅದು ಊರಾಚೆ ಇಲ್ಲ. ನಗರದ ನಡುಮಧ್ಯೆ ಇದೆ, ಪಕ್ಕದಲ್ಲೇ ಹೈಕೋರ್ಟ್, ಒಂದಿಷ್ಟು ನಡೆದರೆ ಬಸ್ಸು, ಮೆಟ್ರೊ.

ಇನ್ನೊಂದು ಮಾತು, ಇದನ್ನು ಸಭೆಯಲ್ಲಿ ಖಂಡಿತ ಎತ್ತಿ. ಸಂಜೆ ಆರೂವರೆಗೆ ಏಳನೇ ಕ್ಲಾಸಿನ ಹುಡುಗಿ ಕೆರೆ ಏರಿ ಮೇಲೆ ಒಬ್ಬಳೇ ಬರಬೇಕು, ಬೀದಿ ದೀಪ ಇದೆಯಾ, ನಾಯಿ ಕಾಟ ಹೇಗೆ, ಮನೆಯವರು ಕಳಿಸುತ್ತಾರಾ? ಕಳಿಸುವುದಿಲ್ಲ. ಸ್ತ್ರೀಶಕ್ತಿ ಸಂಘದ ಹೆಂಗಸರನ್ನೇ ಕೇಳಿ ನೋಡಿ. ಆಮೇಲೆ ಅಲ್ಲಿಗೆ ಹೋಗುವವರು ಬೈಕ್ ಇರುವ ಹುಡುಗರು ಮಾತ್ರ. ಗ್ರಂಥಾಲಯ ಕರ ಮಾತ್ರ ಎಲ್ಲ ಮನೆಯವರೂ ಕಟ್ಟುತ್ತಾರೆ, ಆಸ್ತಿ ತೆರಿಗೆಯ ನೂರಕ್ಕೆ 6 ರೂಪಾಯಿ.

ಗಲಾಟೆಗೆ ದಾರಿ ಇದೆ. ಮುಂದಿನ ರೂಮು ಪೇಪರ್ ಓದುವವರಿಗೆ, ಮಕ್ಕಳಿಗೆ. ಹಿಂದಿನದಕ್ಕೆ ಗಟ್ಟಿ ಬಾಗಿಲು ಹಾಕಿಸಿ, ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಬಿಡಿ. ಧೂಳಿಗೆ ಗಾಜಿನ ಬೀರು ಸಾಕು. ಶೌಚಾಲಯ ಬೇಕೇ ಬೇಕು.

ಮುಂದೆ ಜಾಗ ಸಾಲದೆ ಮೇಲೆ ಮಹಡಿ ಕಟ್ಟಿದರೂ ಪೇಪರ್ ಕೋಣೆ ಕೆಳಗೇ ಇರಲಿ. ನಾನು ಬೆಳೆದ ಊರಿನಲ್ಲಿ ಗ್ರಂಥಾಲಯ ಮೇಲ್ಮಹಡಿಯಲ್ಲಿತ್ತು. ನಮ್ಮ ತಾತ ದಿನಾ ಬೆಳಗ್ಗೆ ಹೋಗಿ ಮೂರು ಪೇಪರ್ ಓದುತ್ತಿದ್ದರು, ಮಂಡಿ ನೋವು ಬಂದ ಮೇಲೆ ಮೆಟ್ಟಿಲ ಹತ್ತಿರ ನಿಂತು ಮೇಲೆ ನೋಡಿ ವಾಪಸ್ ಬರುತ್ತಿದ್ದರು, ಆಮೇಲೆ ಹೋಗುವುದನ್ನೇ ಬಿಟ್ಟರು. ಪೇಪರ್ ಮನೆಗೆ ಕೊಡುವುದಿಲ್ಲವಲ್ಲ. ನನಗೆ ಈಗಲೂ ಸಂಕಟ ಆಗುತ್ತದೆ.

ದಾನ ಕೊಡುವ ಹಿರಿಯರ ಮನಸ್ಸು ನೋಯಿಸಬೇಡಿ. ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಹೋಗಿ, ಆ ಹತ್ತು ಗುಂಟೆ ಆಟದ ಮೈದಾನಕ್ಕೆ ಕೊಡಿ ಎಂದು ಕೇಳಿ. ಮೈದಾನಕ್ಕೆ ಹಗಲಲ್ಲಿ ಗುಂಪಾಗಿ ಹೋಗುತ್ತಾರೆ, ದೂರ ಅನ್ನಿಸುವುದಿಲ್ಲ.

ಗ್ರಾಮಸಭೆಗೆ ಮುಂಚೆ ಒಂದು ಕೆಲಸ ಮಾಡಿ. ಒಂದು ಮಾಮೂಲಿ ದಿನ, ಒಂದು ಸಂತೆ ದಿನ, ಸಂಜೆ ನಾಲ್ಕರಿಂದ ಆರರವರೆಗೆ ಎರಡೂ ಕಡೆ ಒಬ್ಬೊಬ್ಬರನ್ನು ಕೂರಿಸಿ, ಎಷ್ಟು ಜನ ಹಾದು ಹೋದರು, ಅದರಲ್ಲಿ ಮಕ್ಕಳೆಷ್ಟು, ಹೆಂಗಸರೆಷ್ಟು, ಬರೆಸಿ. ಆ ಚೀಟಿಯನ್ನು ಸಭೆಯಲ್ಲಿ ನೀವೇ ಎದ್ದು ಓದಿ.